ಬಿಗಿಯಾದ ಉಡಿದಾರ

ಫೋನು ಬಂದಾಗ ನಾನು ಅವರೆಕಾಳು ಇದುಕುತ್ತಿದ್ದೆ. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಧನುರ್ಮಾಸದಲ್ಲಿ ನಮ್ಮ ಕಡೆ ಈ ಕೆಲಸ ಇಲ್ಲದ ಮನೆ ಇಲ್ಲ. ನನ್ನ ತಮ್ಮನಿಗಂತೂ ಇದುಕಿದ ಬೇಳೆ ಸಾರೆಂದರೆ ಪ್ರಾಣ. ಅವತ್ತು ಬೆಳಿಗ್ಗೆ ಅವನು ನಮ್ಮ ಯಜಮಾನರ ಜೊತೆ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋಗಿದ್ದ. ಅವನಿಗೆ ಕ್ಯಾನ್ಸರಿನ ಇಂಜೆಕ್ಷನ್ ಶುರುಮಾಡುವುದೋ ಬೇಡವೋ ಎಂದು ಡಾಕ್ಟರು ಹೇಳುವ ದಿನ ಅದು.

ತಮ್ಮ ಬಂಗಾರಪೇಟೆಯ ಅಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು. ಮದುವೆ ಮಾಡಿಕೊಳ್ಳೋ ಎಂದರೆ, "ಮಂಡಿ ಮೂಟೆನೇ ಸಾಕು ಕಣಕ್ಕ, ಇನ್ನೊಂದ್ಯಾಕೆ" ಎಂದು ನಗುತ್ತಿದ್ದ. ಹೋದ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಂದವನ ಕಣ್ಣು ನೋಡಿದೆ. ತಟ್ಟೆಯಲ್ಲಿದ್ದ ಅರಿಶಿನದ ಬಣ್ಣ ಅವನ ಕಣ್ಣಿನಲ್ಲೂ ಇತ್ತು. ಕಾಮಾಲೆ ಎಂದುಕೊಂಡು ತೋರಿಸಿದರೆ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಎಂದರು. ಅಂಥದೊಂದು ಗ್ರಂಥಿ ಹೊಟ್ಟೆಯ ಹಿಂದೆ ಇದೆ ಎಂಬುದೇ ನಮಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮೊದಲು ಅವನ ಉಡಿದಾರ ಕತ್ತರಿಸಿದರು. ನಮ್ಮ ಜನದಲ್ಲಿ ಗಂಡಸಿನ ಸೊಂಟದ ದಾರ ಕತ್ತರಿಸುವುದು ಹೆಣದ ಸ್ನಾನಕ್ಕೆ ಮಾತ್ರ. ಆದರೆ ದೇವರು ದೊಡ್ಡವನು, ಏಳೆಂಟು ಗಂಟೆ ಮೇಜಿನ ಮೇಲೆ ಮಲಗಿದವನು ಉಸಿರಾಡಿಕೊಂಡೇ ಹೊರಗೆ ಬಂದ. ಗಡ್ಡೆ ಪೂರ್ತಿ ತೆಗೆದಿದ್ದೇವೆ ಎಂದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಿ ಅಮ್ಮ, ನಮ್ಮ ಕೆಲಸ ಅರ್ಧ ಆಯ್ತು. ಇನ್ನು ಎರಡು ತಿಂಗಳಲ್ಲಿ ಇಂಜೆಕ್ಷನ್ ಶುರುವಾಗಬೇಕು. ಅದನ್ನ ತಡ್ಕೊಳ್ಳೋಕೆ ಮೈಯಲ್ಲಿ ಮಾಂಸಖಂಡ ಇರಬೇಕು. ಈಗಲೇ ತುಂಬ ಕರಗಿದೆ. ಚೆನ್ನಾಗಿ ತಿನ್ನಿಸಿ, ನಡೆಸಿ." ಏನೇನು ತಿನ್ನಬೇಕೆಂದು ಒಂದು ಚೀಟಿಯನ್ನೂ ಕೊಟ್ಟರು.

ದೀಪಾವಳಿಗೆ ಅವನು ಗಣಿ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಗೆ ಬಂದ. ಹೊಸ ಕಪ್ಪು ದಾರ ತಂದು, ದೇವರ ಮುಂದಿಟ್ಟು, ಅವನ ಸೊಂಟಕ್ಕೆ ಕಟ್ಟಿದೆ. ಹಳೆಯ ಅಳತೆಗೆ ತಂದಿದ್ದೆ. ಒಂದು ಗೇಣು ಮಿಕ್ಕಿತು.

ಚೀಟಿ ಓದಿದೆ. ಮೊದಲ ಸಾಲಿನಲ್ಲೇ ಮೊಟ್ಟೆ. ಹೊಟ್ಟೆಯುದ್ದಕ್ಕೂ ಹೊಲಿಗೆ ಹಾಕಿದವನಿಗೆ ಮೊಟ್ಟೆಯೇ? ನಂಜಾಗಿ ಕೀವು ಕಟ್ಟಿದರೆ? ಬಾಣಂತಿಗಾಗಲಿ ಗಾಯದವರಿಗಾಗಲಿ ನಮ್ಮ ಅಜ್ಜಿ ಕೊಡುತ್ತಿದ್ದುದು ಗಂಜಿ, ಬೆಳ್ಳುಳ್ಳಿ ಸಾರು, ಮೆತ್ತಗಿನ ಅನ್ನ. ಗಾಯ ಪೂರ್ತಿ ಒಣಗಲಿ, ಆಮೇಲೆ ನೋಡೋಣ ಎಂದು ಚೀಟಿಗೆ ಕುಂಕುಮ ಹಚ್ಚಿ ದೇವರ ಫೋಟೋ ಹಿಂದೆ ಸಿಕ್ಕಿಸಿದೆ. ದಿನಕ್ಕೆ ಐದು ಸಲ ಗಂಜಿ ಕಾಯಿಸಿದೆ. ಪ್ರೀತಿಯಿಂದಲೇ ಕಾಯಿಸಿದೆ.

ಸೋಮವಾರ ಸೋಮವಾರ ದೀಪ ಹಚ್ಚಿದ ಮೇಲೆ ಅವನ ಉಡಿದಾರ ನೋಡುತ್ತಿದ್ದೆ. ಪ್ರತಿ ವಾರವೂ ದಾರ ಜಾರಿ ತೊಡೆಗೆ ಇಳಿದಿರುತ್ತಿತ್ತು. ಬಿಚ್ಚುವುದು ಅಪಶಕುನವೆಂದು ಇನ್ನೊಂದು ಗಂಟು ಹಾಕಿ ಚಿಕ್ಕದು ಮಾಡುತ್ತಿದ್ದೆ. ಸಂಜೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಡೆಸಲು ಕರೆದೊಯ್ದರೆ ಒಂದು ಕಲ್ಲುಬೆಂಚಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕೂತುಬಿಡುತ್ತಿದ್ದ. ಹಿಂದೆ ಮೂಟೆ ಕೂರುತ್ತಿದ್ದ ಹೆಗಲಿನಲ್ಲಿ ಗುಳಿ ಬಿದ್ದಿತ್ತು.

ಐದನೆಯ ಸೋಮವಾರ ನೋಡುತ್ತೇನೆ, ದಾರ ಜಾರಿಲ್ಲ! ಸೊಂಟಕ್ಕೆ ಕಚ್ಚಿಕೊಂಡಿದೆ. ಪಾದ ದುಂಡಗಾಗಿದೆ, ಕಣಕಾಲು ತುಂಬಿದೆ.

"ಮೈ ಬಂತು ಕಣೋ!" ಎಂದೆ.

"ಬಂತಾ? ನಂಗೆ ಗೊತ್ತಾಗ್ಲೇ ಇಲ್ವಲ್ಲಕ್ಕ" ಎಂದ.

ಅವತ್ತೇ ಮುನೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದು, ಒಂದು ಹೋಳು ಪಕ್ಕದ ಮನೆಗೆ ಕೊಡಲು ಹೋದೆ. ಅಲ್ಲಿರುವ ಹಿರಿಯಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಅವರ ಬಾಯಲ್ಲಿ ತಮಿಳೂ ಕನ್ನಡವೂ ಒಂದೇ ಪಾತ್ರೆಯಲ್ಲಿ ಬೆಂದಿವೆ. ವಿಷಯ ಕೇಳಿ, ಕಾಯಿಹೋಳು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ತಮ್ಮನ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಕಡೆ ಗುಳಿ ಹಾಗೇ ನಿಂತಿತು.

"ಇದು ಸದೆ ಅಲ್ಲಮ್ಮಾ, ತಣ್ಣಿ" ಎಂದರು. ನಾನು ಬೆಪ್ಪಾಗಿ ನಿಂತಿದ್ದು ನೋಡಿ ಕನ್ನಡದಲ್ಲೂ ಹೇಳಿದರು. "ಮಾಂಸ ಅಲ್ಲ, ನೀರು. ಏನಮ್ಮಾ ಕೊಡ್ತಿದ್ದೀಯ ನೀನು?"

"ಗಂಜಿ."

"ಅಯ್ಯೋ, ಗಂಜಿ! ಮುಟ್ಟೆ ಕೊಡಮ್ಮಾ, ಮುಟ್ಟೆ. ನಂಜು ಗಿಂಜು ಒಂದೂ ಇಲ್ಲ."

ಮೊಟ್ಟೆಗೆ ಅವರು ಹೇಳುವುದು ಹಾಗೆ. ತಮ್ಮ ಮಲಗಿದಲ್ಲಿಂದಲೇ ನಕ್ಕ. "ಮೂಟೆ ಒತ್ತೋನ್ ಕಣಮ್ಮ ನಾನು. ಈಗ ನಿಮ್ ಮುಟ್ಟೆ ಎತ್ತೋಕೂ ಕೈಲಾಗಕಿಲ್ಲ."

ನನಗೆ ನಗು ಬರಲಿಲ್ಲ. ದೇವರಿಗೆ ಥ್ಯಾಂಕ್ಸ್ ಹೇಳಿ ಬಂದಿದ್ದು ರೋಗಕ್ಕೇ ಹೇಳಿದ ಹಾಗಾಗಿತ್ತು. ಫೋಟೋ ಹಿಂದಿನ ಚೀಟಿ ತೆಗೆದೆ. ಅಂದಿನಿಂದ ಬೆಳಿಗ್ಗೆ ಎರಡು, ಸಂಜೆ ಎರಡು ಮೊಟ್ಟೆ ಬೇಯಿಸಿದೆ, ಬೇಳೆ ಕಟ್ಟು ಕೊಟ್ಟೆ, ತಿಂದದ್ದು ಅರಗಲೆಂದು ಡಾಕ್ಟರು ಬರೆದಿದ್ದ, ಊಟದ ನಡುವೆ ನುಂಗುವ ಮಾತ್ರೆ ತಪ್ಪಿಸಲಿಲ್ಲ. ಧನುರ್ಮಾಸದ ಪೂಜೆಯ ಮನೆಯಲ್ಲಿ ಮೊಟ್ಟೆಯ ವಾಸನೆ. ದೇವರೇನೂ ಮುನಿಸಿಕೊಂಡಂತೆ ಕಾಣಲಿಲ್ಲ. ಅವನು ಕಷ್ಟಪಟ್ಟು ತಿಂದ. ಆದರೆ ಡಾಕ್ಟರು ಹೇಳಿದ ಎರಡು ತಿಂಗಳಲ್ಲಿ ಉಳಿದಿದ್ದು ಸ್ವಲ್ಪವೇ ದಿನ.

ಆ ದಿನಗಳೂ ಮುಗಿದು, ಫೋನು ಬಂತು. ನಮ್ಮ ಯಜಮಾನರದು.

"ಇಂಜೆಕ್ಷನ್ ಬ್ಯಾಡ ಅಂದ್ಬುಟ್ರು ಕಣೆ."

"ಯಾಕಂತೆ?"

"ಕುರ್ಚಿಲಿ ಕೂರ್ಸಿ, ಕೈ ಊರ್ದೆ ಏಳಪ್ಪ ಅಂದ್ರು. ಮೂರ್ ಸಲ ನೋಡ್ದ, ಏಳೋಕಾಗ್ಲಿಲ್ಲ. ಕೈ ಬಲ ನೋಡೋ ಮಿಸಿನ್ನಿನ ಇಡಿ ಕೊಟ್ಟು ಅಮುಕು ಅಂದ್ರು. ಮುಳ್ಳು ಮ್ಯಾಕೇಳ್ಲೇ ಇಲ್ಲ. ಈ ಮೈಗೆ ಕೊಟ್ರೆ ಔಷಧೀನೇ ಇವನ್ನ ಕೊಂದಾಕುತ್ತಂತೆ."

ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿದೆ. ಆಮೇಲೆ ಕೇಳಿದೆ. "ನಾನು ಗಂಜಿ ಕೊಟ್ಟಿದ್ದಕ್ಕೇನ್ರಿ? ಡಾಕ್ಟರನ್ನ ಕೇಳಿ."

"ಕೇಳ್ದೆ. ನೀನು ಕೇಳ್ತೀಯ ಅಂತ ಗೊತ್ತಿತ್ತು. ಗಂಜಿಯಿಂದ ಒಂದಷ್ಟು ದಿನ ಓಯ್ತು, ನಿಜ. ಆದ್ರೆ ಈ ರೋಗ ಆಪರೇಷನ್‌ಗೆ ಮುಂಚೇನೇ ಮಾಂಸ ತಿಂದಿತ್ತಂತೆ. ಮನೆಯವ್ರಿಗೆ ಅಳಬ್ಯಾಡಿ ಅಂತ ಏಳಿ, ಅಂದ್ರು."

ಅಷ್ಟು ಹೇಳಿ ಕಳಿಸಿದ ಆ ಡಾಕ್ಟರ ಹೊಟ್ಟೆ ತಣ್ಣಗಿರಲಿ. ಅದು ಪೂರ್ತಿ ನಿಜವೋ, ನನ್ನ ಮೇಲಿನ ಕನಿಕರವೋ, ನಾನು ಕೆದಕಲಿಲ್ಲ. ಸಿಕ್ಕಿದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡೆ.

ತಮ್ಮ ಫೋನು ಇಸಿದುಕೊಂಡ. "ಅಕ್ಕಾ, ಬ್ಯಾಳೆ ಇದುಕ್ತಿದ್ದೀಯಾ?"

"ಹೂಂ ಕಣೋ."

"ಮುಗ್ಸು ಮತ್ತೆ. ಸಂಜೆ ರೈಲಿಗೆ ಬತ್ತೀವಿ. ಆಸ್ಪತ್ರೆ ಇಡ್ಲಿ ತಿಂದು ನಾಲ್ಗೆ ಸತ್ತೋಗೈತೆ."

ಅವನು ಯುಗಾದಿಯ ಹಿಂದಿನ ವಾರ ಹೋದ. ಆ ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದ. ನೋವಿಗೆ ಮಾತ್ರೆ ಹಿಡಿಯುತ್ತಿತ್ತು. ಕೊನೆಯ ದಿನದವರೆಗೂ ನನ್ನ ಗುರುತಿತ್ತು. ಉಡಿದಾರ ಯಾರು ಕತ್ತರಿಸಿದರೋ ನಾನು ನೋಡಲಿಲ್ಲ, ಸ್ನಾನಕ್ಕೆ ನೀರು ತುಂಬಲು ನಲ್ಲಿಯ ಹತ್ತಿರ ಹೋಗಿದ್ದೆ. ಇವನ್ನೆಲ್ಲ ನಾನು ದೇವರ ದಯೆಯ ಲೆಕ್ಕಕ್ಕೇ ಹಾಕುತ್ತೇನೆ. ಬೇರೆ ಯಾವ ಲೆಕ್ಕಕ್ಕೆ ಹಾಕಲಿ?

ಆದರೆ ಫೋನು ಇಟ್ಟ ಆ ಮಧ್ಯಾಹ್ನ ಇದೆಲ್ಲ ಇನ್ನೂ ಮುಂದಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ನೆನೆದ ಕಾಳು ಇನ್ನೂ ಅರ್ಧ ಪಾತ್ರೆ ಉಳಿದಿತ್ತು. ಇಂಜೆಕ್ಷನ್ ಇಲ್ಲದಿದ್ದರೇನು, ಸಂಜೆ ಅವನಿಗೆ ಹಸಿವಾಗುತ್ತದೆ. ಎರಡು ಮೊಟ್ಟೆ ತೊಳೆದು ಬೇಯಲು ಇಟ್ಟು, ಮತ್ತೆ ನೆಲದ ಮೇಲೆ ಕೂತು ಕಾಳು ಇದುಕತೊಡಗಿದೆ.