ಕೋಟೆಯ ಆಟಕ್ಕೆ ಇಬ್ಬರು

ಸಾಯಬಣ್ಣ ಸೋಲಾಪುರದ ಚಾದರ ಕಾರಖಾನೆಯೊಂದರಲ್ಲಿ ನಕ್ಷೆ ತೆಗೆಯುವವರು. ಹೂವು, ನವಿಲು, ಅಂಚು ಎಲ್ಲವನ್ನೂ ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಿಸುವುದು ಅವರ ಕೆಲಸ. ೧೮೧೮ರಲ್ಲಿ ಇಂಗ್ಲಿಷರು ಸೋಲಾಪುರದ ಕೋಟೆಗೆ ಹಾಕಿದ ಮುತ್ತಿಗೆಯನ್ನು ಆಟವಾಗಿಸಲು ಹೊರಟಾಗಲೂ ಅವರು ಎಳೆದದ್ದು ಚೌಕಗಳನ್ನೇ. ಅಲ್ಲೇ ತಪ್ಪಾಯಿತು. ಚೌಕದ ಮೂಲೆಯಿಂದ ಮೂಲೆಗೆ ಹಾರಿದ ಕುದುರೆ ದಂಡಿನ ಕಾಯಿ, ಅಷ್ಟೇ ಚೌಕ ನೇರ ಹೋದದ್ದಕ್ಕಿಂತ ದೂರ ತಲುಪಿಬಿಡುತ್ತಿತ್ತು.

ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ವಿದೇಶಿ ಯುದ್ಧದಾಟದ ಪೆಟ್ಟಿಗೆ ಆ ತಪ್ಪನ್ನು ತಿದ್ದಿತು. ಅದರ ನಕ್ಷೆಯಲ್ಲಿ ಜೇನುಹುಟ್ಟಿನಂತೆ ಆರು ಮೂಲೆಯ ಮನೆಗಳು. ಯಾವ ಪಕ್ಕದ ಮನೆಗೆ ನಡೆದರೂ ದೂರ ಒಂದೇ. ಅರವತ್ತರ ದಶಕದಲ್ಲಿ ಅಂಥ ಆಟಗಳು ಹಿಡಿದ ಆ ದಾರಿಯನ್ನೇ ಇಂದು ಕಂಪ್ಯೂಟರಿನ ಎಷ್ಟೋ ಯುದ್ಧದಾಟಗಳೂ ತುಳಿಯುತ್ತವೆ. ಪೆಟ್ಟಿಗೆಯಲ್ಲಿ ನಿಯಮಗಳ ಪುಸ್ತಕ ಮಾತ್ರ ಇರಲಿಲ್ಲ.

ಆ ಕೊರತೆ ತುಂಬಿದವರು ಹೆಂಡತಿ ರತ್ನಾಬಾಯಿ, ತಡವಳ ಎಂಬ ಹಳ್ಳಿಯ ಕುರಿ ಸಾಕುವ ಮನೆತನದವರು. ಕೋಟೆಯ ಕಾವಲಿನ ಪಕ್ಕದಿಂದಲೇ ಗಂಡನ ಇಂಗ್ಲಿಷ್ ದಂಡು ಸರಾಗವಾಗಿ ದಾಟಿದ್ದನ್ನು ಕಂಡು ಅವರು ತಡೆದರು.

"ನಾಯಿ ಕುಂತ ಬಾಜೂಕ ಕುರಿ ಹಂಗ ಓಡಿ ಹೋಗ್ತಾವೇನ್ರೀ? ಅಲ್ಲೇ ನಿಂದರ್ತಾವ."

ಶತ್ರುವಿನ ಪಕ್ಕದ ಮನೆಗೆ ಬಂದ ದಂಡು ಅಲ್ಲೇ ನಿಲ್ಲಬೇಕೆಂಬ ನಿಯಮ ಹಾಗೆ ಹುಟ್ಟಿತು. ವಿದೇಶಿ ಆಟಗಳಲ್ಲೂ ಅಂಥದೇ ನಿಯಮವಿದೆಯೆಂದು ಸಾಯಬಣ್ಣನವರಿಗೆ ತಿಳಿದದ್ದು ಬಹಳ ಆಮೇಲೆ. ಅಷ್ಟರಲ್ಲಿ ರತ್ನಾಬಾಯಿ ಸಂಜೆ ಸಂಜೆ ಗೆಲ್ಲುವುದು, "ನಿಮ್ಮ ಸರದಾರ ತೋಪು ಬಿಟ್ಟು ಭಾಕ್ರಿ ತಿನ್ನಾಕ ಹೋಗ್ಯಾನೇನು?" ಎಂದು ಕೆಣಕುವುದು ಮನೆಯ ರೂಢಿಯಾಗಿತ್ತು.

ಆಮೇಲೆ ಮರೆವಿನ ಕಾಯಿಲೆ ಬಂತು. ಈಗ ರತ್ನಾಬಾಯಿ ಅಕ್ಕಲಕೋಟೆಯಲ್ಲಿ ಮಗಳು ಶ್ರದ್ಧಾಳ ಮನೆಯಲ್ಲಿದ್ದಾರೆ. ಸಾಯಬಣ್ಣ ರಜೆಯ ದಿನ ಬಸ್ಸು ಹಿಡಿದು ಹೋಗುತ್ತಾರೆ. ಕಳೆದ ಸಲ ಅವರನ್ನು ಕಂಡು ರತ್ನಾಬಾಯಿ ತಲೆಯ ಮೇಲೆ ಸೆರಗೆಳೆದುಕೊಂಡು, "ಯಾರವ್ವಾ ಇವರು?" ಎಂದು ಮಗಳನ್ನು ಕೇಳಿದ್ದರು. ಆಟ ಕಂಡರೆ ತಮ್ಮ ಗುರುತು ಸಿಕ್ಕೀತೆಂದು ಸಾಯಬಣ್ಣ ಈ ಸಲ ಬಟ್ಟೆಯ ಮೇಲೆ ಬರೆದ ಆಟದ ನಕ್ಷೆಯಲ್ಲಿ ಕಾಯಿಗಳನ್ನು ಸುತ್ತಿ ತಂದಿದ್ದರು.

"ಪಪ್ಪಾ, ಆಸೆ ಭಾಳ ಇಟ್ಕೋಬ್ಯಾಡ್ರಿ," ಎಂದಳು ಶ್ರದ್ಧಾ.

ನಕ್ಷೆ ಹಾಸುತ್ತಲೇ ರತ್ನಾಬಾಯಿಯ ಮುಖ ಅರಳಿತು. ಕೈ ತಾನಾಗಿಯೇ ಬುರುಜಿಗೆ ಹೋಯಿತು. ಕಾವಲಿನ ದಂಡುಗಳನ್ನೆಲ್ಲ ತಪ್ಪಿಲ್ಲದೆ ಅವುಗಳ ಮನೆಗಳಲ್ಲಿಟ್ಟರು. ಸಾಯಬಣ್ಣ ತಮ್ಮ ದಂಡನ್ನು ಎತ್ತಿಕೊಳ್ಳಲು ಕೈ ಚಾಚಿದರು.

ರತ್ನಾಬಾಯಿ ಆ ಕೈಯನ್ನು ಸರಿಸಿದರು.

"ಮುಟ್ಟಬ್ಯಾಡ್ರಿ ಯಣ್ಣಾ. ಅವು ನಮ್ಮ ಮನಿಯವರವು."

ಸಾಯಬಣ್ಣ ಕೈ ಹಿಂದಕ್ಕೆಳೆದುಕೊಂಡರು. "ಅವರು ಎಲ್ಲಿ ಹೋಗ್ಯಾರ?"

"ಕಾರಖಾನಿಗೆ. ಬರೋ ಹೊತ್ತಾತು. ಸೋಲ್ತಾರ, ಸಿಟ್ಟಿಗೇಳ್ತಾರ, ಮತ್ತ ನಾಳಿ ತಾವೇ ಹಾಸ್ತಾರ." ರತ್ನಾಬಾಯಿ ನಕ್ಕರು. "ಕುಂದರ್ರಿ, ಭೆಟ್ಟಿ ಆಗೇ ಹೋಗೀರಂತ."

ಶ್ರದ್ಧಾ ಏನೋ ಹೇಳಹೊರಟಳು. ಸಾಯಬಣ್ಣ ಬೇಡವೆಂದು ತಲೆಯಾಡಿಸಿದರು. ನಕ್ಷೆಯ ಎದುರಿನ ಜಾಗ ತೆರವು ಮಾಡಿ, ಗೋಡೆಯ ಪಕ್ಕಕ್ಕೆ ಸರಿದು ಕುಳಿತು, ಹೆಂಡತಿಯ ಜೊತೆ ತಾವೂ ಬಾಗಿಲ ಕಡೆ ನೋಡತೊಡಗಿದರು.