ಏಳದ ಪಾದಕ್ಕೊಂದು ಮಣೆ

ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.

ಹೆತ್ತೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣನ್ನು ಹೆಂಗಸರು ಆಯುತ್ತೇವೆ. ಅದು ಹೆಂಗಸರದೇ ಪಾಲು, ಗಂಡಸರು ಕೇಳುವ ಹಾಗಿಲ್ಲ. ಹಾಗಾಗಿ ಎಲ್ಲಿಲ್ಲದ ಹುರುಪು. ಆಯುವಾಗ ಕುಕ್ಕರಗಾಲಿನಲ್ಲೇ ಕೂರಬೇಕು. ಯಾರಾದರೂ ಮಣೆ ತಂದರೋ, ಅವರ ಕಥೆ ಮುಗಿಯಿತು. "ಮದುಮಗಳು ಹಸೆಗೆ ಕೂತ್ಲು ಕಣ್ರೇ!" ಎಂದು ತೋಟವೆಲ್ಲ ನಗುತ್ತದೆ. ಎಲ್ಲರಿಗಿಂತ ಜೋರಾಗಿ ನಗುವವರು ನಮ್ಮತ್ತೆ. ಆ ವರ್ಷ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಕುಕ್ಕರಗಾಲು ಬಿಡಲಿಲ್ಲ.

ಒಂದು ಸಂಜೆ ಎದ್ದು ಹೊರಟರೆ ಬಲಪಾದ ಟಪ್ಪೆಂದು ನೆಲಕ್ಕೆ ಬೀಳುತ್ತಿತ್ತು. ಜೋಮು ಹಿಡಿದಿರಬೇಕು ಅಂದುಕೊಂಡೆ. ಮನೆ ಮುಟ್ಟಿ ನೋಡಿದರೆ ಕಾಲಲ್ಲಿ ಒಂದೇ ಚಪ್ಪಲಿ. ಬೆಳಿಗ್ಗೆಯೂ ಜೋಮು ಬಿಡಲಿಲ್ಲ. ಹೆಬ್ಬೆರಳಿಗೆ ಏಳು ಎಂದರೆ ಏಳದು.

ಲಕ್ವ.

ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಮ್ಮಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದವರು ಮತ್ತೆ ಏಳಲೇ ಇಲ್ಲ. ನಾನೂ ಹಾಗೇ ಆದರೆ? ತುಂಬಾ ಹೆದರಿದೆ. ಅತ್ತೆ ಎಣ್ಣೆ ಕಾಯಿಸಲು ಹೊರಟರು. "ಎಣ್ಣೆ ಆಮ್ಯಾಕೆ ಕಾಯ್ಸೀವಂತೆ ಕಣವ್ವ" ಎಂದು ಯಜಮಾನರು ಮೊದಲ ಬಸ್ಸಿಗೇ ನನ್ನನ್ನು ಹಾಸನಕ್ಕೆ ಕರೆದೊಯ್ದರು.

ನರದ ಡಾಕ್ಟರು, ಬಾಯಿ ಸೊಟ್ಟಗಾಗುತ್ತದೋ ನೋಡಲು, ಮೊದಲು ನಗಲು ಹೇಳಿದರು. ಅಳು ಬರುತ್ತಿದ್ದರೂ ಹಲ್ಲು ಕಿರಿದೆ. ಕೈ ಎತ್ತಿಸಿದರು, ಪುಟ್ಟ ಸುತ್ತಿಗೆಯಿಂದ ಮಂಡಿ ತಟ್ಟಿದರು. ಪಾದ ಕೆಳಗೊತ್ತಿ ಅಂದರು, ಒತ್ತಿದೆ. ಮೇಲೆತ್ತಿ ಅಂದರು, ಆಗಲಿಲ್ಲ.

"ಏನು ಕೆಲಸ ಮಾಡ್ತಿದ್ರಿ ಅಮ್ಮ?"

ಹೇಳಿದೆ. ಅವರು ನನ್ನ ಬೆರಳನ್ನು ಮಂಡಿಯ ಕೆಳಗೆ, ಹೊರಬದಿಯ ಗಂಟಿನಂಥ ಮೂಳೆಯ ಮೇಲೆ ಇಡಿಸಿದರು. ಮೆದುಳಿನ ಅಪ್ಪಣೆ ಬೆನ್ನುಹುರಿಯಲ್ಲಿ ಇಳಿದು, ಸೊಂಟದಿಂದ ಹೊರಟು, ತೊಡೆಯ ಮಾಂಸದೊಳಗೆ ಭದ್ರವಾಗಿ ಬಂದು, ಇಲ್ಲಿ ಮಾತ್ರ ಚರ್ಮದ ಕೆಳಗೇ ಮೂಳೆಯನ್ನು ಬಳಸಿ ಹೋಗುತ್ತದಂತೆ. ಪೆರೋನಿಯಲ್ ನರ. ಪಾದ ಎತ್ತಿಸುವುದೂ ಅದೇ, ಪಾದದ ಮೇಲಿನ ಸ್ಪರ್ಶವನ್ನು ಮೆದುಳಿಗೆ ಮುಟ್ಟಿಸುವುದೂ ಅದೇ.

"ಲಕ್ವ ಅಲ್ಲ. ಕೂತು ಕೂತು ನರ ಅದುಮಿಹೋಗಿದೆ. ಪಾದ ಹೀಗೆ ಜೋತುಬೀಳೋದಕ್ಕೆ ಫುಟ್ ಡ್ರಾಪ್ ಅಂತೀವಿ. ಬಹುಮಟ್ಟಿಗೆ ಸರಿಹೋಗುತ್ತೆ, ಆದರೆ ನಿಧಾನ."

"ಪವರ್ ಹೌಸ್ ಚೆನ್ನಾಗೈತೆ, ಲೈನ್ ಮ್ಯಾಲೆ ಮರ ಬಿದ್ದೈತೆ ಅನ್ನಿ" ಎಂದರು ಯಜಮಾನರು. ಡಾಕ್ಟರು ನಕ್ಕರು. ಆಗ ನಾನೂ ನಿಜವಾಗಿ ನಕ್ಕೆ.

ಪಾದ ಜೋಲದಂತೆ ಹಿಡಿದಿಡುವ ಸ್ಪ್ಲಿಂಟ್ ಕಟ್ಟಿಕೊಂಡು ಮನೆಗೆ ಬಂದೆ. ಸ್ಪರ್ಶವಿಲ್ಲದ ಪಾದಕ್ಕೆ ಶಾಖ ಕೊಡಬಾರದು, ಸುಟ್ಟರೂ ಗೊತ್ತಾಗದು ಎಂದಿದ್ದರು ಡಾಕ್ಟರು. ಅತ್ತೆ ಎಣ್ಣೆ ಬಟ್ಟಲು ಎತ್ತಿಟ್ಟು ಬರಿಗೈಯಲ್ಲೇ ಪಾದ ನೀವುತ್ತಿದ್ದರು. ತಿಂಗಳುಗಳು ಹಾಗೇ ಕಳೆದವು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕೂಗಿದೆ, "ಅತ್ತೆ, ಬಿಸಿ!"

"ಸುಟ್ಕೊಂಡ್ಬುಟ್ಯೇನೇ?" ಓಡಿ ಬಂದರು.

"ಇಲ್ಲ ಅತ್ತೆ, ಬಿಸಿ ಗೊತ್ತಾಯ್ತು."

ಇಬ್ಬರೂ ಅತ್ತೆವು. ಕೆಲವು ವಾರಗಳಲ್ಲಿ ಹೆಬ್ಬೆರಳೂ ಎದ್ದಿತು.

ದಣಿದ ದಿನ ಪಾದ ಈಗಲೂ ಕೊಂಚ ಎಳೆಯುತ್ತದೆ. ಅಷ್ಟು ಇರಲಿ, ನಡೆಯುತ್ತಿದ್ದೇನಲ್ಲ. ಈ ಸಲ ಆಯಲು ಹೋದಾಗ ಅತ್ತೆ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಮುಂದೆ ನಡೆದರು. ಗಿಡದ ಬುಡ ಬಂದದ್ದೇ ಮಣೆ ತೆಗೆದು ಹಾಕಿದರು. ಪಕ್ಕದ ಸಾಲಿನವರು ಕಿಸಕ್ಕೆಂದರು.

"ನಗ್ರೇ, ನಗ್ರೇ! ನಾಳೀಕೆ ನಂಗೂ ಒಂದು ತತ್ತೀನಿ" ಎಂದು ಗದರಿದ ಅತ್ತೆ ನನ್ನ ಕಡೆ ತಿರುಗಿದರು. "ಕೂತ್ಕೊಳವ್ವ, ಮದುಮಗಳೇ."