ಹೊಸ ಸೀಸೆಯ ಮೊದಲ ಮಾತ್ರೆ

ನಮ್ಮ ಭಾವನಿಗೆ ಅಡುಗೆಮನೆಯ ಮೇಲೆ ಹುಟ್ಟಿನಿಂದ ಬಂದ ಅನುಮಾನ. ಎಣ್ಣೆ ಕಲಬೆರಕೆ, ಅರಿಶಿನಕ್ಕೆ ಬಣ್ಣ ಬೆರೆಸಿರುತ್ತಾರೆ, ನಲ್ಲಿಯ ನೀರಂತೂ ಸಾಕ್ಷಾತ್ ವಿಷ. ಅಕ್ಕ ಉಗುರು ಉರಿಯುವಷ್ಟು ಸುಲಿದು ಹಾಕಿದ ಬೆಳ್ಳುಳ್ಳಿಯನ್ನು ತಟ್ಟೆಯಂಚಿಗೆ ತಳ್ಳಿ, ಊಟವಾದ ಮೇಲೆ ಬೆಳ್ಳುಳ್ಳಿ ಸತ್ವದ ಮಾತ್ರೆ ನುಂಗುತ್ತಾರೆ, ಅದು ಹೃದಯಕ್ಕೆ. ಅರಿಶಿನದ ಸತ್ವ ಮಂಡಿಗೆ, ದ್ರಾಕ್ಷಿ ಬೀಜದ್ದು ಚರ್ಮಕ್ಕೆ. "ಎಲ್ಲಾ ನ್ಯಾಚುರಲ್ ಕಣಮ್ಮ, ಗಿಡದಿಂದ ಬಂದಿದ್ದು," ಎಂದು ಸೀಸೆಯನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಾರೆ. ಆದರೆ ಆ ಸೀಸೆಯ ಮೇಲೂ ಅವರಿಗೆ ಪೂರ್ತಿ ನಂಬಿಕೆಯಿಲ್ಲ. ಹೊಸದು ಬಂದರೆ ಮೊದಲ ಮಾತ್ರೆ ಅಕ್ಕನಿಗೆ. ಅದನ್ನು ನುಂಗಿ ಅವಳು ಎರಡು ದಿನ ನೆಟ್ಟಗೆ ಓಡಾಡಿಕೊಂಡು, ಅಡುಗೆ ಮಾಡಿಕೊಂಡು ಇದ್ದರೆ ಮಾತ್ರ ಭಾವ ತಾವು ಶುರುಮಾಡುವುದು. "ಅವರೇನು ಮಹಾರಾಜರಾ, ವಿಷ ಇದೆಯಾ ಅಂತ ನೀನು ಮೊದ್ಲು ತಿಂದು ನೋಡೋಕೆ? ಯಾಕೆ ನುಂಗ್ತೀಯೇ?" ಎಂದು ಒಮ್ಮೆ ರೇಗಿಯೇಬಿಟ್ಟೆ. ಅಕ್ಕ ಬೆಳ್ಳುಳ್ಳಿ ಸುಲಿಯುತ್ತಲೇ ನಕ್ಕಳು: "ಹೋಗ್ಲಿ ಬಿಡೇ. ಆ ಎರಡು ದಿನವಾದ್ರೂ ನನ್ನ ಮುಖ ನೋಡಿ, 'ಹುಷಾರಾಗಿದ್ದೀಯಾ?' ಅಂತ ಕೇಳ್ತಾರೆ."